ಬುದ್ಧಿ ಹೇಳಬಾರದ ವರ್ಷ

ಶೇಂಗಾ ಹುರಿಯುವ ವಾಸನೆ ಬಂದರೆ ನನಗೆ ಈಗಲೂ ಮೊದಲು ಬರುವುದು ಸಿಟ್ಟು. ಹೋದ ವರ್ಷ ಪಂಚಮಿಯ ಹಿಂದಿನ ದಿನ ಉಂಡಿ ಕಟ್ಟಲೆಂದು ದೊಡ್ಡ ಬಾಣಲೆಯ ತುಂಬ ಶೇಂಗಾ ಹಾಕಿಕೊಂಡು, ಸಣ್ಣ ಉರಿಯಲ್ಲಿ ಕೈಯಾಡಿಸುತ್ತ ನಿಂತಿದ್ದೆ. ಹುರಿಯುವಾಗ ಒಲೆ ಮುಂದಿನಿಂದ ಕದಲಬಾರದು ಎಂಬುದು ನನಗೆ ಗೊತ್ತಿಲ್ಲದ ವಿಷಯವಲ್ಲ. ಆದರೆ ಫೋನು ಹಜಾರದಲ್ಲಿತ್ತು, ಬಿಡದೆ ಬಡಿದುಕೊಳ್ಳುತ್ತಿತ್ತು. ಹೊನ್ನಾಳಿಯಿಂದ ಮಗಳು ಚೈತ್ರ.

“ಅವ್ವಾ, ಸೀಟು ಸಿಕ್ತು!”

“ಯಾರಿಗೆ?”

“ಯಾರಿಗೆ ಅಂದ್ರೆ? ನಿಂಗೇ! ಆಷಾಢದಾಗೆ ನಿನ್ನ ಡಿಗ್ರಿ ಮಾರ್ಕ್ಸ್‌ಕಾರ್ಡ್ ಫೋಟೋ ಹೊಡ್ಕೊಂಡು ಹೋಗಿದ್ನಲ್ಲ, ಮರೆತ್ಯಾ? ಆರೋಗ್ಯ ಮತ್ತೆ ಯೋಗಕ್ಷೇಮದ ಕೋಚಿಂಗು. ಸ್ನಾತಕೋತ್ತರ ಡಿಪ್ಲೊಮಾ. ಒಂದು ವರ್ಷ, ಮನೇಲೇ ಕೂತು ಓದೋದು.”

ನಾನು ಮರೆತಿರಲಿಲ್ಲ. ಆಗುವುದಿಲ್ಲ ಎಂದು ಧೈರ್ಯವಾಗಿದ್ದೆ ಅಷ್ಟೆ. ಮದುವೆಗೆ ಮುಂಚೆ ದಾವಣಗೆರೆಯಲ್ಲಿ ಮಾಡಿದ್ದ ಬಿಎಸ್ಸಿಯ ಕಾಗದ ಟ್ರಂಕಿನಲ್ಲಿ ಧಾರೆ ಸೀರೆಯ ಕೆಳಗೆ ಮಲಗಿತ್ತು. ಅದನ್ನು ನಂಬಿ ಯಾವ ವಿಶ್ವವಿದ್ಯಾಲಯ ನನಗೆ ಸೀಟು ಕೊಟ್ಟೀತು? ಕೊಟ್ಟಿತು. ಅಷ್ಟರಲ್ಲಿ ಅಡುಗೆಮನೆಯಿಂದ ಸೀದ ವಾಸನೆ ಬಂತು. ಓಡಿ ಹೋಗಿ ನೋಡಿದರೆ ಕಾಳೆಲ್ಲ ಇದ್ದಿಲು. ಬಾಣಲೆ ಉಳಿಯಿತು. ಶಿವ ದೊಡ್ಡವನು.

ಚೈತ್ರ ಹೈಸ್ಕೂಲು ಟೀಚರು. ಮಕ್ಕಳನ್ನು ಓದಿಸಿ ಓದಿಸಿ, ಕಂಡವರನ್ನೆಲ್ಲ ಓದಿಸುವ ಚಟ ಹತ್ತಿದೆ ಅವಳಿಗೆ. “ನೀನು ಬೀದಿಯವರಿಗೆಲ್ಲ ಬಿಪಿ, ಶುಗರ್ರು, ಮಂಡಿನೋವು ಅಂತ ಬುದ್ಧಿ ಹೇಳ್ತಾನೇ ಇರ್ತೀಯ. ಅದನ್ನೇ ಓದ್ಕೊಂಡು ಹೇಳು, ಬೆಲೆ ಇರ್ತದೆ” ಎಂಬುದು ಅವಳ ವಾದ. ನನಗೂ ಒಳಗೊಳಗೇ ಅದು ಸರಿ ಅನ್ನಿಸಿತ್ತು ಎಂದು ಹೇಳಿಬಿಡುತ್ತೇನೆ. ಚನ್ನಗಿರಿಯ ನಮ್ಮ ಬೀದಿಯಲ್ಲಿ ಯಾರಿಗೆ ಏನಾದರೂ ಮೊದಲು ಬರುವುದು ನನ್ನ ಕಟ್ಟೆಗೇ.

ನಮ್ಮ ಮನೆಯವರದು ಪೈಪು, ಮೋಟರು ಸಾಮಾನಿನ ಅಂಗಡಿ. ರಾತ್ರಿ ಊಟಕ್ಕೆ ಕೂತಾಗ ಸುದ್ದಿ ಹೇಳಿದೆ.

“ಈ ವಯಸ್ನಾಗೆ ಎಂಥ ಕೋಚಿಂಗೇ? ಕಬಡ್ಡಿನೋ, ಖೋಖೋನೋ?”

“ಆರೋಗ್ಯದ್ದು ರೀ.”

“ಮತ್ತೆ ಡಾಕ್ಟ್ರು ಯಾಕದಾರೆ?”

ಇನ್ನೊಂದು ರೊಟ್ಟಿ ಹಾಕಿ ಬಾಯಿ ಮುಚ್ಚಿಸಿದೆ.

ದಸರೆ ಕಳೆದ ಮೇಲೆ ಕ್ಲಾಸು ಶುರುವಾಯಿತು. ಶನಿವಾರ, ಭಾನುವಾರ, ಫೋನಿನಲ್ಲೇ. ಪಾಠ ಮಾಡುವ ಮೇಡಂ ನನಗಿಂತ ಚಿಕ್ಕವರು, ಮೆತ್ತಗೆ ಮಾತಾಡುವವರು. ಮೊದಲ ದಿನ ಮೊದಲ ಮಾತಿಗೇ ಹೇಳಿದರು: “ನೀವು ಯಾರಿಗೂ ಬುದ್ಧಿ ಹೇಳುವ ಹಾಗಿಲ್ಲ. ಕೋಚ್ ಆದವರು ಸಲಹೆ ಕೊಡುವುದಿಲ್ಲ. ಕೇಳುತ್ತಾರೆ.” ಕಿವಿಗೆ ಹಾಕಿಕೊಂಡಿದ್ದ ಇಯರ್‌ಫೋನು ಕೆಟ್ಟಿದೆಯೇನೋ ಎಂದು ತೆಗೆದು ಒರೆಸಿ ಮತ್ತೆ ಹಾಕಿಕೊಂಡೆ. ಅದೇ ಮಾತು. ಔಷಧಿಯ ವಿಷಯ ಬಂದರೆ ಡಾಕ್ಟರ ಹತ್ತಿರ ಕಳಿಸಬೇಕು. ಊಟದ ವಿಷಯ ಬಂದರೆ ಅವರ ಬಾಯಿಂದಲೇ ದಾರಿ ಹೊರಡಿಸಬೇಕು. ನಮ್ಮ ಕೆಲಸ ಪ್ರಶ್ನೆ ಕೇಳುವುದು, ಕೇಳಿ ಸುಮ್ಮನಿರುವುದು. ಬುದ್ಧಿ ಹೇಳುತ್ತಾಳೆಂದು ಸೇರಿಸಿದ ಕೋರ್ಸಿನಲ್ಲಿ ಬುದ್ಧಿ ಹೇಳುವುದೇ ತಪ್ಪು! ಸಿಟ್ಟಿಗೆ ಚೈತ್ರಳಿಗೆ ಫೋನ್ ಮಾಡಿದರೆ ಅವಳು ಬಿದ್ದು ಬಿದ್ದು ನಕ್ಕಳು.

ಮೇಡಂ ಇಂಗ್ಲಿಷಿನಲ್ಲಿ ಎರಡು ವಿದ್ಯೆ ಬೇರೆ ಬೇರೆ ಕಲಿಸುತ್ತಿದ್ದರು. ಒಂದು ಪ್ರಶ್ನೆ ಕೇಳುವುದು, ಒಂದು ಹೇಳಿದ್ದನ್ನು ಕೇಳಿಸಿಕೊಳ್ಳುವುದು. ನಾನು ಕನ್ನಡದಲ್ಲಿ ಬರೆದುಕೊಂಡರೆ ಎರಡೂ ಕಡೆ ‘ಕೇಳು’ ಎಂದೇ ಕೂತಿತು. ನಮ್ಮ ಮನೆಗಳಲ್ಲಿ ಆ ಮಾತಿಗೆ ಇನ್ನೊಂದು ಅರ್ಥವೂ ಉಂಟಲ್ಲ, ‘ಹೇಳಿದ್ದು ಕೇಳು’. ನನಗೆ ಚೆನ್ನಾಗಿ ಅಭ್ಯಾಸವಿದ್ದದ್ದು ಅದೊಂದೇ.

ಕೋರ್ಸಿನ ಸುದ್ದಿ ಬೀದಿಗೆ ಹಬ್ಬಿತು. ಎದುರು ಮನೆಯ ರುದ್ರಮ್ಮ ಒಂದು ಬೆಳಿಗ್ಗೆ ಕಸ ಗುಡಿಸುವುದನ್ನು ಅರ್ಧಕ್ಕೆ ಬಿಟ್ಟು ಬಂದರು.

“ಸುಮಕ್ಕಾ, ಕೋಚಿಂಗ್ ಶುರು ಮಾಡೀಯಂತೆ. ವಸತಿ ಶಾಲೆ ಪರೀಕ್ಷೆಗೆ ನಮ್ಮ ಮೊಮ್ಮಗಳನ್ನ ಕಳಿಸ್ಲಾ? ಲೆಕ್ಕದಾಗೆ ಸ್ವಲ್ಪ ಹಿಂದೆ ಐತೆ ಕೂಸು.”

“ಆ ಕೋಚಿಂಗ್ ಅಲ್ಲ ರುದ್ರಮ್ಮಾ. ಇದು ದೊಡ್ಡೋರಿಗೆ.”

“ದೊಡ್ಡೋರಿಗೆ ಯಾತರ ಪರೀಕ್ಷೆ?”

ಹೇಗೆ ಬಿಡಿಸಿ ಹೇಳಲಿ? ಕಡೆಗೆ ಆ ಹುಡುಗಿಗೆ ಕೆಲವು ದಿನ ಭಿನ್ನರಾಶಿ ಹೇಳಿಕೊಟ್ಟು ಕಳಿಸಿದೆ. ಅಲ್ಲಾದರೂ ಉತ್ತರ ಹೇಳಿಕೊಡುವ ಸ್ವಾತಂತ್ರ್ಯವಿತ್ತು.

ಚಳಿಗಾಲದಲ್ಲಿ ಅಭ್ಯಾಸ ಶುರುವಾಯಿತು. ಯಾರನ್ನಾದರೂ ಕೂರಿಸಿಕೊಂಡು, ಅವರ ಒಪ್ಪಿಗೆ ಪಡೆದು, ಮಾತುಕತೆಯನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಮೇಡಂಗೆ ಕಳಿಸಬೇಕು. ನ್ಯಾಮತಿಯಲ್ಲಿರುವ ನಮ್ಮ ಚಿಕ್ಕಮಾವನವರಿಗೆ ಬಿಪಿ. ದಿನಾ ಸಂಜೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಬೇಕು. ಚೈತ್ರಳ ಮನೆಗೆ ಹೋದವಳು ಅಲ್ಲಿಂದ ಬಸ್ಸು ಹತ್ತಿ ನ್ಯಾಮತಿಗೆ ಹೋದೆ. ಚಿಕ್ಕಮಾವ ಪಂಚೆ ಸರಿಮಾಡಿಕೊಂಡು, ಹಣೆಗೆ ವಿಭೂತಿ ಹಚ್ಚಿಕೊಂಡು, ಫೋಟೋಕ್ಕೆ ಕೂತಂತೆ ಕೂತರು.

“ಹೇಳವ್ವ, ಏನು ತಿನ್ಬೇಕು, ಏನು ಬಿಡ್ಬೇಕು?”

“ನಿಮಗೇನನ್ನಿಸ್ತದೆ ಮಾವ?”

“ನಂಗೆ ಅನ್ನಿಸೋ ಹಂಗಿದ್ರೆ ನಿನ್ನ ಯಾಕೆ ಕೇಳ್ತಿದ್ದೆ?”

“ಅಂದ್ರೆ, ನಿಮ್ಮ ಊಟದಾಗೆ ಯಾವುದು ಬದಲು ಮಾಡಾಕೆ ಆಗ್ತದೆ ಅಂತ ನೀವೇ...”

“ನಾನೇ ಎಲ್ಲ ಹೇಳೋದಾದ್ರೆ ನೀನು ಓದಿದ್ದೇನು?” ಒಳಗೆ ತಿರುಗಿ ಚಿಕ್ಕತ್ತೆಯನ್ನು ಕೂಗಿದರು. “ಏ ಇವಳೇ, ನಮ್ಮ ಸುಮಂಗಲಗೆ ಏನೂ ಬರಲ್ಲಂತೆ. ಬರೇ ಕೇಳ್ತಾಳೆ. ಕಾಫಿ ಮಾಡು.”

ಗೊತ್ತಿದ್ದೂ ಹೇಳದಿದ್ದರೆ ನಮ್ಮ ಕಡೆ ಅದಕ್ಕೆ ಕೊಬ್ಬು ಎನ್ನುತ್ತಾರೆ. ಬಂದವರಿಗೆ ನೀರು ಕೊಡದೆ ‘ನಿಮಗೆ ಬಾಯಾರಿಕೆ ಅಂದರೆ ಏನು ಅನ್ನಿಸುತ್ತದೆ?’ ಎಂದು ವಿಚಾರಿಸಿದಂತೆ. ವಾಪಸು ಬರುವಾಗ ಬಸ್ಸಿನಲ್ಲಿ ಕೂತು, ಈ ಕೋರ್ಸನ್ನು ಬರೆದವರು ಯಾವತ್ತಾದರೂ ನೆಂಟರ ಮನೆಗೆ ಹೋಗಿದ್ದಾರೋ ಇಲ್ಲವೋ ಎಂದು ಬೈದುಕೊಂಡೆ. ಕಿಟಕಿ ಪಕ್ಕದ ಸೀಟು ಸಿಕ್ಕಿತ್ತು. ಅದೊಂದು ಪುಣ್ಯ.

ಇಷ್ಟೇ ಆಗಿದ್ದರೆ ನಕ್ಕು ಬಿಡಬಹುದಿತ್ತು. ಆ ವರ್ಷ ನನ್ನ ನಿದ್ದೆ ಕೆಡಿಸಿದ್ದು ಜಗಳೂರಿನಿಂದ ಬರುತ್ತಿದ್ದ ಫೋನು.

ಜಗಳೂರಿನಲ್ಲಿ ನನ್ನ ಅಕ್ಕ ಕೊಟ್ರಮ್ಮ ಇದ್ದಾಳೆ. ಅವ್ವ ತೀರಿಕೊಂಡಾಗ ನಾನು ಇನ್ನೂ ಲಂಗ ಉಟ್ಟುಕೊಂಡು ಓಡಾಡುವ ಹುಡುಗಿ. ನನಗೆ ಜಡೆ ಹಾಕಿದ್ದು, ಹೊಡೆದದ್ದು, ಡಿಗ್ರಿ ಓದಿಸಬೇಕೆಂದು ಅಪ್ಪನ ಹತ್ತಿರ ಹಟ ಹಿಡಿದದ್ದು ಎಲ್ಲ ಅವಳೇ. ಭಾವ ಇಲ್ಲ. ಮಗ, ಸೊಸೆ ಶೈಲಾ ಜೊತೆಗಿದ್ದಾರೆ. ಸಕ್ಕರೆ ಕಾಯಿಲೆ ಬಂದು ಕೆಲವು ವರ್ಷವಾಯಿತು. ಬೆಳಿಗ್ಗೆ ಒಂದು ಗುಳಿಗೆ, ರಾತ್ರಿ ಒಂದು. ಸೋಮವಾರ ಒಪ್ಪತ್ತು, ಅಂದರೆ ಇಡೀ ದಿನಕ್ಕೆ ಒಂದೇ ಊಟ. ನಸುಕಿನಲ್ಲೇ ಸ್ನಾನ, ಲಿಂಗಪೂಜೆ, ಬರಿಗಾಲಲ್ಲಿ ಈಶ್ವರನ ಗುಡಿಗೆ ನಡಿಗೆ, ಮಧ್ಯಾಹ್ನ ಮೇಲೆ ಮನೆಗೆ ಬಂದು ಆ ಒಂದು ಊಟ. ನನಗೆ ನೆನಪಿರುವ ಮಟ್ಟಿಗೆ ಯಾವ ಸೋಮವಾರವೂ ಅವಳು ತಪ್ಪಿಸಿದವಳಲ್ಲ.

ಸಂಕ್ರಾಂತಿ ಆದಮೇಲೆ ಅವಳು ಬೀಳಲು ಶುರು ಮಾಡಿದಳು. ಒಮ್ಮೆ ಹಿತ್ತಲಲ್ಲಿ, ಒಮ್ಮೆ ದಾರಿಯಲ್ಲಿ. ಸೋಮವಾರ ಹೊತ್ತು ನೆತ್ತಿಗೆ ಬರುವ ವೇಳೆಗೆ ಫೋನು ಬಡಿದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಓಡುತ್ತಿದ್ದೆ. “ಚಿಕ್ಕತ್ತೆ, ಇವತ್ತೂ ಬಿದ್ರು” ಎನ್ನುತ್ತಿದ್ದಳು ಶೈಲಾ. ಶಿವರಾತ್ರಿ ಕಳೆದ ವಾರ ಗುಡಿಯ ಮೆಟ್ಟಿಲ ಮೇಲೆ ಬಿದ್ದು ಹಣೆ ಒಡೆಯಿತು, ಹೊಲಿಗೆ ಹಾಕಿಸಬೇಕಾಯಿತು. ಕಣ್ಣಿಗೆ ತಾಗಲಿಲ್ಲ, ಶಿವ ಕಾದ. ಎಷ್ಟು ಸಲ ಕಾದಾನು?

ಎಲ್ಲರದೂ ಒಂದೇ ಮಾತು: ಒಪ್ಪತ್ತು ಬಿಡು. ಮಗ ಹೇಳಿದ, ಶೈಲಾ ಹೇಳಿದಳು, ನಾನು ಫೋನಿನಲ್ಲಿ ಗಂಟಲು ಹರಿಯುವಷ್ಟು ಹೇಳಿದೆ. ಅಕ್ಕನದೂ ಒಂದೇ ಮಾತು. “ಇಷ್ಟು ವರ್ಷ ಬೀಳದೇ ಇದ್ದೋಳು ಈಗ ಒಪ್ಪತ್ತಿಗೆ ಬೀಳ್ತೀನಾ? ಯಾರ್ದೋ ಕಣ್ಣು ತಾಕೈತೆ.” ಯಾರ ಮಾತೂ ಕೇಳುವುದಿಲ್ಲ ಈ ಹೆಂಗಸು ಎಂದು ನಾವೆಲ್ಲ ತಲೆ ಚಚ್ಚಿಕೊಂಡೆವು.

ಮೇಡಂಗೆ ಹೇಳಿದೆ, ಅಕ್ಕನ ಜೊತೆ ಅಭ್ಯಾಸ ಮಾಡುತ್ತೇನೆ ಎಂದು. ಹತ್ತಿರದ ನೆಂಟರು ಬೇಡ ಎಂಬುದು ನಿಯಮ. “ಮೇಡಂ, ನಮ್ಮ ಕಡೆ ನೆಂಟರಲ್ಲದವರು ನನ್ನ ಮುಂದೆ ಕೂರುವುದಿಲ್ಲ” ಎಂದಾಗ ಅರೆಮನಸ್ಸಿನಿಂದ ಒಪ್ಪಿದರು.

ಬಿಸಿಲು ಏರಿದ್ದ, ಕ್ಲಾಸಿಗೆ ರಜೆಯಿದ್ದ ಒಂದು ಶನಿವಾರ ದಾವಣಗೆರೆಯಲ್ಲಿ ಬಸ್ಸು ಬದಲಿಸಿ ಜಗಳೂರಿಗೆ ಹೋದೆ. ಜಗಳೂರಿನ ಬಿಸಿಲು ಚನ್ನಗಿರಿಯದಲ್ಲ, ಒಣ ಗಾಳಿಯ ಜೊತೆ ಬಂದು ಮುಖಕ್ಕೆ ಹೊಡೆಯುತ್ತದೆ. ಮಾರನೆಯ ದಿನ ಮಧ್ಯಾಹ್ನ ಮನೆಯವರೆಲ್ಲ ಮಲಗಿದ ಮೇಲೆ ಅಕ್ಕನನ್ನು ಒಳಕೋಣೆಯಲ್ಲಿ ಕೂರಿಸಿ, ಅವಳ ಒಪ್ಪಿಗೆ ಕೇಳಿ, ಫೋನನ್ನು ಉಪ್ಪಿನಕಾಯಿ ಜಾಡಿಗೆ ಒರಗಿಸಿ ರೆಕಾರ್ಡಿಗೆ ಇಟ್ಟೆ.

“ಅಕ್ಕಾ, ನಿನ್ನ ಆರೋಗ್ಯದ ವಿಷಯದಲ್ಲಿ ನಿನಗೆ ಯಾವುದು ಬದಲಾಗಬೇಕು ಅನ್ನಿಸುತ್ತದೆ?”

“ಇದ್ಯಾಕೆ ರೇಡಿಯೋದೋರಂಗೆ ಮಾತಾಡ್ತೀಯ?”

“ಹೇಳಕ್ಕ.”

“ನಂಗೇನಾಗೈತೆ? ಆರಾಮ ಅದೀನಿ.” ಹಣೆಯ ಮೇಲೆ ಅಂಗೈಯಗಲ ಪಟ್ಟಿ ಹಾಕಿಕೊಂಡು ಹೇಳುತ್ತಿದ್ದಾಳೆ, ಆರಾಮ ಅದೀನಿ.

ನಾಲಿಗೆ ತುದಿಗೆ ಹತ್ತು ಮಾತು ಬಂದವು. ಉತ್ತರ ಬಾರದಿದ್ದರೆ ಅವಸರ ಮಾಡಬೇಡಿ, ಮನಸ್ಸಿನಲ್ಲಿ ಎಣಿಸುತ್ತಿರಿ ಎಂದಿದ್ದರು ಮೇಡಂ. ನನಗೆ ಎಣಿಸಿದರೆ ಇನ್ನೂ ಸಿಟ್ಟು ಬರುತ್ತದೆ. ಓಂ ನಮಃ ಶಿವಾಯ ಎಂದು ಜಪ ಮಾಡಿಕೊಂಡೆ. ಆಮೇಲೆ ಪಾಠದ ಪ್ರಶ್ನೆಗಳನ್ನೆಲ್ಲ ಪಕ್ಕಕ್ಕಿಟ್ಟು, “ಹೋಗ್ಲಿ, ನಿನ್ನ ಸೋಮವಾರ ಹೆಂಗಿರ್ತದೆ? ಎದ್ದಾಗಿಂದ ಹೇಳು” ಎಂದೆ.

ಅಕ್ಕನ ಮುಖ ಅರಳಿತು. ಅದನ್ನು ಅವಳ ಹತ್ತಿರ ಯಾರೂ ಕೇಳಿರಲಿಲ್ಲ. ಕೋಳಿ ಕೂಗುವ ಮುಂಚೆ ಏಳುವುದು, ಬಾಗಿಲಿಗೆ ನೀರು ಹಾಕುವುದು, ಒಲೆಗೆ ಬೆಂಕಿ ಹಚ್ಚುವುದು, ಹಿತ್ತಲ ಬಿಲ್ವಪತ್ರೆಯಲ್ಲಿ ಹುಳ ಹಿಡಿಯದ ಎಲೆ ಆರಿಸುವುದು, ಎಲ್ಲ ಒಂದೊಂದಾಗಿ ಹೇಳಿದಳು. ಹೇಳುತ್ತ ಹೇಳುತ್ತ, “ಆಮ್ಯಾಲೆ ಎರಡೂ ಗುಳಿಗೆ ನುಂಗಿ ಸ್ನಾನಕ್ಕೆ ಹೋಗ್ತೀನಿ” ಎಂದಳು.

“ಎರಡೂ?”

“ಹೂಂ. ಬೆಳಗಿಂದು, ರಾತ್ರಿದು.”

“ರಾತ್ರಿದು ಬೆಳಿಗ್ಗೆ ಯಾಕೆ?”

“ಒಪ್ಪತ್ತಲ್ಲೇನೇ? ಊಟ ಆದಮ್ಯಾಲೆ ಗುಳಿಗೆ ಬಾಯಿಗೆ ಹಾಕಿದ್ರೆ ಎರಡು ಸಲ ತಿಂದಂಗಾಗ್ತದೆ. ವ್ರತ ಮುರಿದಂಗೆ. ಪೂಜೆಗೆ ಮುಂಚೆ ಆದ್ರೆ ದೋಷ ಇಲ್ಲ. ಡಾಕ್ಟ್ರು ಒಂದೂ ತಪ್ಪಿಸಬ್ಯಾಡ ಅಂದಾರೆ. ನಾನು ಒಂದೂ ತಪ್ಪಿಸಿಲ್ಲ ನೋಡು.”

ಎಂಥ ಹೆಮ್ಮೆ ಅವಳ ಮುಖದಲ್ಲಿ! ಶಿವನ ಮಾತನ್ನೂ ಮೀರಿಲ್ಲ, ಡಾಕ್ಟರ ಮಾತನ್ನೂ ಮೀರಿಲ್ಲ. ಬರಿ ಹೊಟ್ಟೆಗೆ ಎರಡು ಗುಳಿಗೆ, ಆಮೇಲೆ ಬಿಸಿಲಲ್ಲಿ ನಡಿಗೆ, ಮಧ್ಯಾಹ್ನದವರೆಗೆ ತುತ್ತು ಅನ್ನವಿಲ್ಲ. ಸಂಕ್ರಾಂತಿಯ ಹೊತ್ತಿಗೆ ಡಾಕ್ಟರು ಗುಳಿಗೆಯ ಶಕ್ತಿ ಹೆಚ್ಚಿಸಿದ್ದರಂತೆ. ಬೀಳದೆ ಇನ್ನೇನಾಗುತ್ತದೆ?

ಶಿವನ ನಾಮ ಎಲ್ಲಿ ಹೋಯಿತೋ. “ತಲ್ಯಾಗೆ ಬುದ್ಧಿ ಐತೇನೇ ನಿಂಗೆ? ಸಾಯಬೇಕು ಅಂತ ಮಾಡೀಯಾ? ಆ ಗುಳಿಗೆಗೂ ಅನ್ನಕ್ಕೂ ವ್ಯತ್ಯಾಸ ಗೊತ್ತಿಲ್ವಾ? ನಾಳೆಯಿಂದ ಒಪ್ಪತ್ತು ಗಿಪ್ಪತ್ತು ಎಲ್ಲ ಬಂದ್!” ಇನ್ನೂ ಏನೇನು ಅಂದೆನೋ, ನಿಂತೇ ಅಂದೆ. ಅಕ್ಕ ಸೆರಗು ಸರಿಮಾಡಿಕೊಂಡಳು.

“ಮುಗೀತಾ? ಕೇಳ್ತೀನಿ ಅಂತ ಕೂರಿಸಿ ಬೈಯಾಕೆ ಹತ್ತಿದೆ. ನೀನೂ ಎಲ್ಲರಂಗೇ. ಆ ಫೋನು ಆರಿಸು.”

ಎದ್ದು ಹೋದಳು. ಸಂಜೆಯವರೆಗೆ ನನ್ನ ಜೊತೆ ಮಾತಿಲ್ಲ. ನಾನು ಮಹಡಿ ಮೆಟ್ಟಿಲ ಮೇಲೆ ಕೂತು ಮೇಡಂಗೆ ಫೋನ್ ಮಾಡಿದೆ. ಕೋರ್ಸಿನ ಮಾತು ಆಮೇಲೆ, ಗುಳಿಗೆಯ ವಿಷಯ ಡಾಕ್ಟರಿಗೂ ಮನೆಯವರಿಗೂ ಇವತ್ತೇ ತಿಳಿಸಿ, ಕಾಯಬೇಡಿ ಎಂದರು. ಭಾನುವಾರ, ಡಾಕ್ಟರ ಬಾಗಿಲು ಹಾಕಿತ್ತು. ಶೈಲಾಳಿಗೆ ಹೇಳಿದೆ. ಅವಳು ಗುಳಿಗೆಯ ಡಬ್ಬಿ ತೆಗೆದು ಬೀರುವಿನಲ್ಲಿಟ್ಟು ಬೀಗ ಹಾಕಿದಳು. ಇಷ್ಟಾದರೂ ಬುದ್ಧಿ ಬಂತಲ್ಲ ಎಂದು ನಾವಿಬ್ಬರೂ ಸಮಾಧಾನದಿಂದ ಮಲಗಿದೆವು.

ಅಕ್ಕನ ಎಲೆಯಡಿಕೆ ಚೀಲದಲ್ಲಿ ಸೋಮವಾರದ ಗುಳಿಗೆ ಬೇರೆಯೇ ಇರುತ್ತಿದ್ದವು. ಅದು ನಮಗೆ ತಿಳಿದದ್ದು ಅವಳು ಸ್ನಾನ, ಪೂಜೆ ಮುಗಿಸಿ ಹೊಸಿಲು ದಾಟಿದ ಮೇಲೆ, ಗುಳಿಗೆಯ ಖಾಲಿ ಹಾಳೆ ಬಚ್ಚಲ ಕಟ್ಟೆಯ ಮೇಲೆ ಸಿಕ್ಕಾಗ.

ಇದ್ದ ಸೀರೆಯಲ್ಲೇ ಹಿಂದೆ ಓಡಿದೆ. ಫೋನು ಚಾರ್ಜಿಗೆ ಹಾಕಿದ್ದಲ್ಲೇ ಉಳಿಯಿತು. ಅಕ್ಕ ಆಗಲೇ ಗುಡಿ ಸೇರಿದ್ದಳು. ಪ್ರದಕ್ಷಿಣೆ ಹಾಕುತ್ತಿದ್ದಳು. ನಾನು ಹೋದದ್ದು ಕಂಡರೂ ಕಾಣದಂತೆ ಎರಡು ಸುತ್ತು ಬಂದಳು. ಮೂರನೆಯ ಸುತ್ತಿಗೆ ಕಂಬ ಹಿಡಿದು ನಿಂತಳು. ಹತ್ತಿರ ಹೋದರೆ ಮೈಯೆಲ್ಲ ಬೆವರು, ರವಿಕೆ ಒದ್ದೆ, ಕೈ ಗಡಗಡ ನಡುಗುತ್ತಿದೆ.

“ಅಕ್ಕಾ, ಸಕ್ಕರೆ ತಿನ್ನು. ಏನಾದ್ರೂ ಬಾಯಿಗೆ ಹಾಕ್ಕ.”

“ಒಪ್ಪತ್ತು...” ಎಂದಳು. ನಾಲಿಗೆ ತೊದಲುತ್ತಿತ್ತು. ಹಲ್ಲು ಕಚ್ಚಿದ್ದಳು.

ನಾನು ಕಿರುಚಿರಬೇಕು. ಗರ್ಭಗುಡಿಯಿಂದ ಪೂಜೆ ಮಾಡುವ ಅಯ್ಯನವರು ಬಗ್ಗಿ ನೋಡಿದರು. ಶುಗರ್ ಇಳಿದಿದೆ, ಸಿಹಿ ತಿನ್ನಲೊಲ್ಲಳು ಎಂದೆ. ಅವರು ಅಭಿಷೇಕದ ಪಂಚಾಮೃತದ ಬಟ್ಟಲನ್ನೇ ಹಿಡಿದುಕೊಂಡು ಬಂದರು. ಹಾಲು, ಜೇನುತುಪ್ಪ, ಸಕ್ಕರೆ, ಬಾಳೆಹಣ್ಣು.

“ಕೊಟ್ರಮ್ಮಾ, ಬಾಯಿ ತೆಗೀರಿ. ಪ್ರಸಾದ ಇದು.”

“ಅಯ್ನೋರೇ, ಒಪ್ಪತ್ತು...”

“ಪ್ರಸಾದಕ್ಕೆ ಯಾತರ ಒಪ್ಪತ್ತು? ಶಿವ ಕೊಟ್ಟಿದ್ದನ್ನ ಬ್ಯಾಡ ಅಂತೀರೇನು?”

ಅಕ್ಕ ಬಾಯಿ ತೆಗೆದಳು. ಬಟ್ಟಲು ಪೂರ್ತಿ ಖಾಲಿಯಾಯಿತು. ಮತ್ತೊಂದು ಬಾಳೆಹಣ್ಣನ್ನೂ ಸುಲಿದು ಕೊಟ್ಟರು. ಅವಳನ್ನು ಕಟ್ಟೆಯ ಮೇಲೆ ಕೂರಿಸಿ ಸೆರಗಿನಿಂದ ಗಾಳಿ ಹಾಕುತ್ತ ಕೂತೆ. ನಿಧಾನಕ್ಕೆ ಬೆವರು ಆರಿತು, ಕಣ್ಣಿಗೆ ಬೆಳಕು ಬಂತು. ನನಗೆ ಬೈಯುವ ಶಕ್ತಿಯೂ ಉಳಿದಿರಲಿಲ್ಲ.

“ಅಕ್ಕಾ, ಈ ಒಪ್ಪತ್ತು ಯಾಕೆ ಹಿಡಿದೆ ನೀನು?” ಎಂದೆ. ಇಷ್ಟು ವರ್ಷದಲ್ಲಿ ಕೇಳಿದ್ದೇ ಇಲ್ಲ. ಹೆಂಗಸರು ಸೋಮವಾರ ಮಾಡುತ್ತಾರೆ, ಇವಳೂ ಮಾಡುತ್ತಾಳೆ ಎಂದುಕೊಂಡಿದ್ದೆ.

ಅವಳು ಎದುರಿನ ಬೇವಿನ ಮರ ನೋಡುತ್ತ ಹೇಳಿದಳು.

“ಚೈತ್ರ ಹುಟ್ಟಾಗ ನೀನು ಕಣ್ಣೇ ಬಿಡಲಿಲ್ಲಲ್ಲ. ರಕ್ತ ಹೋಗಿ ಹೋಗಿ ಬಿಳುಚಿಕೊಂಡಿದ್ದೆ. ಡಾಕ್ಟ್ರಮ್ಮ ನಮ್ಮ ಮುಖ ನೋಡದಂಗೆ ಓಡಾಡ್ತಿದ್ಲು. ಆಸ್ಪತ್ರೆ ನಲ್ಲಿ ಹತ್ರ ನಿಂತು ಬೇಡ್ಕೊಂಡೆ. ಇವಳೊಬ್ಬಳನ್ನ ಉಳಿಸಪ್ಪಾ, ನಾನು ಬದುಕಿರೋ ತನಕ ಸೋಮವಾರ ಒಂದೇ ಹೊತ್ತು ಉಣ್ತೀನಿ ಅಂತ. ಅದನ್ನ ಬಿಡು ಬಿಡು ಅಂತ ನೀನೇ ಬಡ್ಕೊಂತೀಯ.”

ಅವಳ ಹಣೆಯ ಪಟ್ಟಿಯನ್ನೇ ನೋಡಿದೆ. ಅದರ ಹಿಂದೆಯೇ ಸಿಟ್ಟೂ ಬಂತು: ಯಾರು ಕೇಳಿದ್ದರು ಇವಳನ್ನು? ಹೇಳದೆ ಕೇಳದೆ ನನ್ನ ಜೀವದ ಬಾಕಿಯನ್ನು ವಾರ ವಾರ ಹೊಟ್ಟೆ ಕಟ್ಟಿ ತೀರಿಸುತ್ತ, ಮೆಟ್ಟಿಲ ಮೇಲೆ ಬಿದ್ದು ಹಣೆ ಒಡೆದುಕೊಳ್ಳುತ್ತ! ಕಣ್ಣು ಒರೆಸಿಕೊಂಡೆ. ಏನೂ ಅನ್ನಲಿಲ್ಲ. ಅನ್ನಲು ಹೋಗಿದ್ದರೆ ಮತ್ತೆ ಬೈಗುಳವೇ ಬರುತ್ತಿತ್ತು.

ಬೇವಿನ ನೆರಳು ನಮ್ಮ ಕಾಲ ಹತ್ತಿರ ಬರುವವರೆಗೂ ಇಬ್ಬರೂ ಹಾಗೇ ಕೂತಿದ್ದೆವು. ಆಮೇಲೆ ಅಕ್ಕ ತಾನಾಗಿಯೇ, “ಅಯ್ನೋರೇ” ಎಂದು ಕೂಗಿದಳು. “ಪ್ರಸಾದ ಲೆಕ್ಕಕ್ಕಿಲ್ಲ ಅಂದ್ರಲ್ಲ. ಗುಳಿಗೆ?”

“ಗುಳಿಗೆ ಏನು?”

“ಗುಳಿಗೆ ನುಂಗಿದ್ರೆ ಉಂಡಂಗಾಗ್ತದಾ?”

ಅಯ್ಯನವರು ಗಂಟೆ ಒರೆಸುವುದನ್ನು ನಿಲ್ಲಿಸಿ ನಕ್ಕುಬಿಟ್ಟರು. “ಗುಳಿಗೆ ತಿಂದು ಹೊಟ್ಟೆ ತುಂಬಿದೋರ್ನ ಎಲ್ಲಾರ ಕಂಡೀರೇನ್ರಿ? ಔಷಧಿ ಔಷಧಿನೇ. ಯಾವಾಗ ತಗಬೇಕು ಅಂತ ಡಾಕ್ಟ್ರನ್ನ ಕೇಳ್ರಿ, ಅದು ನನ್ನ ಕೆಲಸ ಅಲ್ಲ.”

“ಹಂಗಾದ್ರೆ ನಾಳೆ ಕೇಳಾನ” ಎಂದು ಅಕ್ಕ ಎದ್ದಳು. ನನಗೆ ಹೇಳಿದಳೋ, ಶಿವನಿಗೋ ತಿಳಿಯಲಿಲ್ಲ. ನಾವು ಇಷ್ಟು ಜನ ತಿಂಗಳುಗಟ್ಟಲೆ ಬಡಿದುಕೊಂಡರೂ ಆಗದ್ದು ಹೀಗೆ ಆಯಿತು.

ಮಂಗಳವಾರ ಡಾಕ್ಟರ ಹತ್ತಿರ ಹೋದೆವು. ಎಲ್ಲ ಕೇಳಿ ಅವರು ತಲೆಯ ಮೇಲೆ ಕೈ ಇಟ್ಟುಕೊಂಡರು.

“ಒಪ್ಪತ್ತು ಮಾಡ್ತೀನಿ ಅಂತ ಯಾಕಮ್ಮ ಹೇಳಲಿಲ್ಲ?”

“ನೀವು ಕೇಳಲಿಲ್ಲಲ್ಲ” ಎಂದಳು ಅಕ್ಕ.

ಪುಣ್ಯಕ್ಕೆ ಆ ಡಾಕ್ಟರು ಒಪ್ಪತ್ತು ಬಿಡಿ ಎನ್ನಲಿಲ್ಲ. ರಕ್ತ ಪರೀಕ್ಷೆ ಮಾಡಿಸಿ, ಗುಳಿಗೆಯನ್ನೇ ಬದಲಿಸಿ, ಸೋಮವಾರಕ್ಕೆ ಬೇರೆ ಹೊತ್ತು ಗೊತ್ತು ಮಾಡಿದರು. ಬಿಸಿಲೇರುವ ಮುಂಚೆ ಗುಡಿಗೆ ಹೋಗಿ ಬಂದು ಬೇಗ ಉಣ್ಣಬೇಕು, ತಲೆ ತಿರುಗಿದರೆ ತಕ್ಷಣ ಸಿಹಿ ತಿನ್ನಬೇಕು ಎಂದು ಗಟ್ಟಿಯಾಗಿ ಹೇಳಿದರು. ಸಿಹಿಯ ಮಾತಿಗೆ ಅಕ್ಕ ನನ್ನ ಕಡೆ ತಿರುಗಿ, “ಪ್ರಸಾದ” ಎಂದು ತಿದ್ದಿದಳು.

ಕೋರ್ಸಿನ ಕಥೆ ಕೇಳಿ. ಗುಡಿಯ ಕಟ್ಟೆಯ ಮೇಲೆ ನಡೆದದ್ದು ರೆಕಾರ್ಡ್ ಆಗಲಿಲ್ಲ. ನನ್ನ ಕೈಯಲ್ಲಿದ್ದದ್ದು ಉಪ್ಪಿನಕಾಯಿ ಜಾಡಿಯ ಮುಂದಿನ ರಂಪ ಮಾತ್ರ. ಸುಳ್ಳು ಹೇಳುವುದು ಬೇಡವೆಂದು ಅಕ್ಕನನ್ನು ಕೇಳಿ ಅದನ್ನೇ ಕಳಿಸಿದೆ. ಮೇಡಂ ಪೂರ್ತಿ ಕೇಳಿ ಬಹಳ ಮರ್ಯಾದೆಯಿಂದ ಹೇಳಿದರು: “ಸುಮಂಗಲಾ ಅವರೇ, ಅರ್ಧದವರೆಗೆ ತುಂಬಾ ಚೆನ್ನಾಗಿದೆ. ಅಲ್ಲಿಂದಾಚೆಗೆ ಇದು ಕೋಚಿಂಗ್ ಅಲ್ಲ, ಜಗಳ.” ಕಟ್ಟೆಯ ಮೇಲಿನ ಕಥೆಯನ್ನೂ ಹೇಳಿದೆ. ಅವರು “ಅದಕ್ಕೆ ಅಂಕ ಕೊಡುವ ಹಾಗಿದ್ದರೆ ಕೊಡುತ್ತಿದ್ದೆ” ಎಂದರು. ಕೊಡುವ ಹಾಗಿರಲಿಲ್ಲ. ಮತ್ತೆ ಮಾಡಬೇಕಾಯಿತು.

ರುದ್ರಮ್ಮನ ಮಂಡಿನೋವು ಹಿಡಿದುಕೊಂಡೆ. ವಾರ ವಾರ ಅವರ ಮುಂದೆ ಕೂತು, ನಾಲಿಗೆ ಕಚ್ಚಿಕೊಂಡು, ಶಿವನಾಮ ಜಪಿಸಿಕೊಂಡು, ಅವರ ಬಾಯಿಂದಲೇ ‘ಸಂಜೆ ಹೊತ್ತು ಸ್ವಲ್ಪ ನಡೀಬೇಕು’ ಎನ್ನಿಸುವುದರೊಳಗೆ ಬೇಸಿಗೆ ಕಳೆದು ಮುಂಗಾರು ಬಂತು. ಹೊರಗೆ ಹೋಗಿ ಅವರು ಬೀದಿಗೆಲ್ಲ ಸಾರಿದ್ದು ಏನು? “ಸುಮಕ್ಕ ಏನೂ ಹೇಳಲ್ಲ ಕಣ್ರೇ. ಎಲ್ಲ ನಾನೇ ಕಂಡುಹಿಡಿದೆ.” ಮೇಡಂ ಅದನ್ನು ಕೇಳಿ ಇದೇ ಕೋಚಿಂಗಿನ ಗೆಲುವು ಎಂದರು. ಇಂಥ ಗೆಲುವನ್ನು ಯಾವ ಗೋಡೆಗೆ ನೇತುಹಾಕಲಿ? ಆದರೂ ತೇರ್ಗಡೆಯಾದೆ. ಅಂಕ ಸಾಧಾರಣ. ಮನೆಯವರು ಅಂಗಡಿಗೆ ಬಂದವರಿಗೆಲ್ಲ ಪೇಡಾ ಹಂಚಿದರು, ಏನು ಓದಿದಳು ಎಂದು ಕೇಳಿದವರಿಗೆ “ಕೇಳೋದನ್ನ ಓದಿದಾಳೆ” ಎಂದರಂತೆ.

ಜಗಳೂರಿನಲ್ಲಿಯೂ ನನಗೇನೂ ಹೆಸರು ಬರಲಿಲ್ಲ. ಅಕ್ಕ ಬೀಳುವುದು ನಿಂತದ್ದು ಅಯ್ಯನವರ ಪಂಚಾಮೃತದಿಂದ ಎಂದು ಊರಿಗೆ ಊರೇ ಹೇಳುತ್ತದೆ. ಸೋಮವಾರ ಬಟ್ಟಲು ಹಿಡಿದು ಬರುವವರು ಹೆಚ್ಚಾಗಿದ್ದಾರೆ ಎಂದು ಶೈಲಾ ಹೇಳಿದಳು. ಡಾಕ್ಟರ ಹೆಸರೂ ಇಲ್ಲ, ನನ್ನ ಹೆಸರಂತೂ ಇಲ್ಲವೇ ಇಲ್ಲ. ಮೊದಮೊದಲು ಮೈ ಉರಿಯಿತು. ಅವಳು ಎದ್ದು ನಡೆಯುತ್ತಿದ್ದಾಳಲ್ಲ, ಹೆಸರು ಯಾರಿಗಾದರೂ ಹೋಗಲಿ ಎಂದುಕೊಂಡರೆ ಈಗ ಅರ್ಧ ಉರಿ ಕಡಿಮೆ.

ಈ ಸಲದ ಶ್ರಾವಣದ ಮೊದಲ ಸೋಮವಾರ ನನಗೆ ಬೆಳಿಗ್ಗೆಯಿಂದ ಕೈ ಆಡಲಿಲ್ಲ. ಶ್ರಾವಣವೆಂದರೆ ಅಕ್ಕನ ಕಟ್ಟು ಇನ್ನೂ ಬಿಗಿ. ಗುಡಿಯಲ್ಲಿ ರುದ್ರಾಭಿಷೇಕ, ಸಾಲು ಉದ್ದ, ಬರುವುದು ತಡ. ಫೋನ್ ಮಾಡಿ, ಉಂಡೆಯಾ, ಗುಳಿಗೆ ಹೆಂಗೆ ತಗೊಂಡೆ, ಪ್ರಸಾದ ಜೊತೆಗಿಟ್ಟುಕೊಂಡೆಯಾ ಎಂದು ವಿಚಾರಿಸಬೇಕೆಂದು ಎಷ್ಟೋ ಸಲ ಫೋನು ಕೈಗೆತ್ತಿಕೊಂಡೆ. ಇಟ್ಟೆ. ಅವಳಿಗೆ ಗೊತ್ತಿದೆ, ಅವಳೇ ಮಾಡುತ್ತಾಳೆ ಎಂದು ನಂಬುವುದು ಆ ಕೋರ್ಸಿನಲ್ಲಿ ಎಲ್ಲಕ್ಕಿಂತ ಕಷ್ಟದ ಪಾಠ. ಅದರಲ್ಲಿ ನಾನು ಇನ್ನೂ ಪಾಸಾಗಿಲ್ಲ. ಹೊತ್ತು ನೆತ್ತಿಗೆ ಬಂತು. ಫೋನು ಬಡಿಯಿತು. ಜಗಳೂರು.

“ಹಲೋ” ಎಂದೆ.

ಆ ಕಡೆಯಿಂದ ಮಾತು ಬರಲಿಲ್ಲ. ಕಟ ಕಟ ಸದ್ದು. ಹಸಿ ಮೂಲಂಗಿ ಕಚ್ಚುವ ಸದ್ದು.

“ಅಕ್ಕಾ?”

“ಹ್ಞಾಂ, ಇರೇ, ನುಂಗ್ತೀನಿ.” ತುತ್ತು ಇಳಿಯಿತು. “ಗುಡಿಗೆ ಹೋಗಿ ಬಂದೆ. ಉಣ್ತಾ ಅದೀನಿ. ಶೈಲಾ ಹೆಸರುಬ್ಯಾಳೆ ಪಲ್ಯ ಚಲೋ ಮಾಡ್ಯಾಳೆ. ನೀನು ಬಾಯಿ ಬಿಟ್ಕೊಂಡು ಕಾಯ್ತಿರ್ತೀಯ ಅಂತ ಮಾಡಿದೆ.”

“ಹೂಂ” ಎಂದೆ.

“ಇಡು ಹಂಗಾದ್ರೆ. ರೊಟ್ಟಿ ಆರ್ತೈತೆ.”

ಹೊರಗೆ ರುದ್ರಮ್ಮ “ಸುಮಕ್ಕಾ, ನೀರು ಬಿಟ್ರು!” ಎಂದು ಕೂಗಿದರು. ಎರಡು ದಿನದಿಂದ ನಲ್ಲಿಯಲ್ಲಿ ನೀರಿರಲಿಲ್ಲ, ಯಾವಾಗ ನಿಲ್ಲಿಸುತ್ತಾರೋ ಗೊತ್ತಿಲ್ಲ. ಕೊಡ ಎತ್ತಿಕೊಂಡು ಹೋದೆ.